ಅಂಪೈರ್ ಎಲ್ಲಿ, ಹೇಗೆ ನಿಲ್ಲಬೇಕು?

ಜಗಳೂರು ತಾಲ್ಲೂಕಿನ ಬಿಳಿಚೋಡಿನಂತಹ ಊರಿನ ಬಯಲಿನಲ್ಲಿ ಬೇಸಗೆಯ ಕ್ರಿಕೆಟ್ ಪಂದ್ಯವೊಂದು ನಡೆದಿದೆಯೆಂದು ಭಾವಿಸೋಣ. ದಾಂಡಿಗನಿಗೆ ಪ್ಯಾಡು, ಕೈಗವಸು, ಶಿರಸ್ತ್ರಾಣಗಳುಂಟು. ಅಂಪೈರ್ ಆಗಿ ನಿಂತ ವಿದ್ಯಾರ್ಥಿಗೆ ಬರಿಯ ಬಟ್ಟೆಯ ಟೋಪಿ! ಬೇಸ್‌ಬಾಲಿನಲ್ಲಾದರೋ, ಕ್ಯಾಚರನ ಬೆನ್ನ ಹಿಂದೆ ಬಾಗಿ ನಿಲ್ಲುವ ಅಂಪೈರ್ ಮುಖಕವಚ, ಎದೆಕವಚಗಳನ್ನು ತೊಟ್ಟಿರುತ್ತಾನೆ. ನಮ್ಮವನಿಗೆ ನಿಲ್ಲುವ ನೆಲೆ, ನಿಲ್ಲುವ ಭಂಗಿಗಳೇ ರಕ್ಷೆ.

ಈಗ ಸ್ವಲ್ಪ ಗಣಿತ ಮಾಡೋಣ. ಎರಡು ವಿಕೆಟ್ಟುಗಳ ನಡುವಣ ಅಂತರ 20.12 ಮೀಟರ್. ದಾಂಡಿಗನು ತನ್ನ ವಿಕೆಟ್ಟಿನಿಂದ 1.22 ಮೀಟರ್ ಮುಂದಿನ ಗೆರೆಯ ಬಳಿ ನಿಂತು, ಚೆಂಡನ್ನು ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಹೊಡೆದನೆನ್ನಿ. ಗಾಳಿಯ ತಡೆಯನ್ನು ಗಣಿಸದಿದ್ದರೆ, ಈಚಿನ ವಿಕೆಟ್ಟಿಗೆ 1 ಮೀಟರ್ ಹಿಂದೆ ನಿಂತ ಅಂಪೈರನ್ನು ಅದು ಸುಮಾರು 0.60 ಸೆಕೆಂಡಿನಲ್ಲಿ ತಲಪುತ್ತದೆ. 3 ಮೀಟರ್ ಹಿಂದೆ ನಿಂತವನನ್ನು 0.66 ಸೆಕೆಂಡಿನಲ್ಲಿ. ಕಂಡದ್ದಕ್ಕೆ ದೇಹವು ಪ್ರತಿಕ್ರಿಯೆ ತೊಡಗಲು ಸುಮಾರು 0.2 ಸೆಕೆಂಡು ಬೇಕು. ಉಳಿದ ಅವಧಿಯಲ್ಲೇ ಬಾಗಬೇಕು, ಇಲ್ಲವೆ ಪಕ್ಕಕ್ಕೆ ಸರಿಯಬೇಕು. ಹೀಗಿರುವಾಗ ಆ 0.06 ಸೆಕೆಂಡು ಅಲ್ಪವೆನ್ನಲಾದೀತೆ?

ಹಿಂದೆ ಸರಿದರೆ ಇನ್ನೊಂದು ಲಾಭವೂ ಉಂಟು. ಕಣ್ಣು ನೆಲದಿಂದ 1.5 ಮೀಟರ್ ಎತ್ತರದಲ್ಲಿದ್ದರೆ, ಬೌಲರನ ಮುಂಗಾಲನ್ನು ನೋಡಲು 1 ಮೀಟರ್ ಹಿಂದಿರುವವನು ದೃಷ್ಟಿಯನ್ನು ಸುಮಾರು 34 ಅಂಶ ಇಳಿಸಬೇಕು. 3 ಮೀಟರ್ ಹಿಂದಿರುವವನಿಗೆ 20 ಅಂಶ ಸಾಕು. ಆದುದರಿಂದ ಪಾದದಿಂದ ಚೆಂಡಿನೆಡೆಗೆ ಕಣ್ಣು ಬೇಗನೆ ಮರಳುತ್ತದೆ. ತೀರ ದೂರವಾದರೆ ಬ್ಯಾಟಿಗೆ ಚೆಂಡು ಸವರಿದ ಸದ್ದು ಕ್ಷೀಣಿಸುತ್ತದೆಂಬುದನ್ನೂ ಮರೆಯಬಾರದು.

ಇನ್ನು ಭಂಗಿ. ದಿನಕ್ಕೆ 90 ಓವರುಗಳಾದರೆ ಒಬ್ಬ ಅಂಪೈರ್ ಬೌಲರನ ತುದಿಯಲ್ಲಿ 270 ಎಸೆತಗಳನ್ನು ನೋಡಬೇಕು. ಪ್ರತಿಸಲವೂ ಆಳವಾಗಿ ಕುಕ್ಕರಿಸಿದರೆ ತೊಡೆ, ಸೊಂಟಗಳು ದಣಿಯುತ್ತವೆ. ಮೊಣಕಾಲುಗಳನ್ನು ಬಿಗಿದು ನಿಂತರೆ, ಸರಿಯುವ ಮೊದಲು ಅವುಗಳನ್ನು ಸಡಿಲಿಸಬೇಕಾಗುತ್ತದೆ. ಪಾದಗಳನ್ನು ಭುಜದಗಲಕ್ಕೆ ಇಟ್ಟು, ಮೊಣಕಾಲನ್ನು ತುಸುವೇ ಮಡಿಸಿ, ತಲೆಯನ್ನು ಅಲುಗಿಸದೆ ನಿಲ್ಲುವುದು ಉತ್ತಮ. ಎಸೆತಗಳ ನಡುವೆ ನಾಲ್ಕು ಹೆಜ್ಜೆ ನಡೆಯಬೇಕು. ಆಗ ಮೀನಖಂಡದ ಸ್ನಾಯುಗಳು ಕಾಲಿನಲ್ಲಿ ನಿಂತ ರಕ್ತವನ್ನು ಹೃದಯದತ್ತ ಒತ್ತುತ್ತವೆ.

1999ರಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಒಂದೇ ಇನ್ನಿಂಗ್ಸಿನ ಹತ್ತು ವಿಕೆಟ್ಟುಗಳನ್ನೂ ಕಿತ್ತಾಗ ಆ ತುದಿಯಲ್ಲಿ ನಿಂತಿದ್ದವರು ಕರ್ನಾಟಕದವರೇ ಆದ ಎ. ವಿ. ಜಯಪ್ರಕಾಶ್. ಅಂತಹ ಏಕಾಗ್ರತೆಗೆ ದಣಿಯದ ದೇಹವೇ ಆಧಾರ. ಆದರೂ ಭಂಗಿಯೊಂದೇ ಸಾಲದು. 2015ರಲ್ಲಿ ದಿಂಡಿಗಲ್ಲಿನ ರಣಜಿ ಪಂದ್ಯದಲ್ಲಿ ಆಸ್ಟ್ರೇಲಿಯಾದ ಅಂಪೈರ್ ಜಾನ್ ವಾರ್ಡ್ ಅವರ ತಲೆಗೆ ಚೆಂಡು ಬಡಿಯಿತು. ಮುಂದೆ ಅವರು ಶಿರಸ್ತ್ರಾಣ ಧರಿಸಿಯೇ ಅಂಗಳಕ್ಕಿಳಿದರು. ನಮ್ಮ ಶಾಲೆಯ ಆಟದ ಚೀಲದಲ್ಲಿ ಶಿರಸ್ತ್ರಾಣವೊಂದು ಹೆಚ್ಚಾಗಿದ್ದರೆ, ಅದನ್ನು ಅಂಪೈರ್ ಆದ ಗೆಳೆಯನಿಗೆ ಕೊಡೋಣ.