ಚಹದ ಬಟ್ಟಲಿನಿಂದ ಚೀನೀ ನುಡಿ

ಮ್ಯಾಂಡರಿನ್ ಎಂಬ ಚೀನೀ ನುಡಿಯು ಕಠಿನವೆಂದು ಅಂಜುವ ವಿದ್ಯಾರ್ಥಿನಿಯರೇ, ಅದರ ಮೊದಲ ಶಬ್ದವು ನಿಮಗೆ ಬಂದೇ ಇದೆ. ಚಿಮ್ಮಡದ ಮನೆಗಳಲ್ಲಿ ಪ್ರಾತಃಕಾಲ ಕುದಿಯುವ 'ಚಹಾ' ಚೀನೀಯರ 'ಛಾ' ಎಂಬುದರಿಂದಲೇ ಹುಟ್ಟಿದ್ದು. ಆದರೆ ದನಿಯನ್ನು ಮೇಲಕ್ಕೇರಿಸಿ ನುಡಿಯಬೇಕು. ಕೆಳಗಿಳಿಸಿದರೆ 'ಕೊರತೆ' ಎಂದರ್ಥವಾಗುವುದು! ಅಲ್ಲಿಯ ಹಿರಿಯರು ಎದುರಾದವರನ್ನು 'ಛಿ ಫಾನ್ ಲ ಮಾ?' ಎಂದು ವಿಚಾರಿಸುವರು. ಅದು ನಮ್ಮ 'ಊಟ ಆತೇನ್ರಿ?' ಎಂಬುದೇ ಸರಿ. 'ಫಾನ್' ಎಂದರೆ ಅನ್ನ. ಊಟಕ್ಕೂ ಅದೇ ಹೆಸರು. ಗೋಧಿಯುಣ್ಣುವ ಉತ್ತರ ಚೀನದವರೂ ಹಾಗೆಯೇ ಕೇಳುವರು.

ಬಂಧುತ್ವದಲ್ಲಂತೂ ಇಂಗ್ಲಿಷಿಗಿಂತ ಈ ನುಡಿಯೇ ನಮಗೆ ಸಮೀಪವೆನ್ನಬೇಕು. 'ಅಂಕಲ್' ಎಂಬ ಒಂದೇ ಮಾತಿನಲ್ಲಿ ಅಡಗುವವರನ್ನು ಚೀನೀಯರು ನಮ್ಮಂತೆಯೇ ಬೇರ್ಪಡಿಸಿ ಕರೆಯುವರು: ದೊಡ್ಡಪ್ಪನು 'ಬೋಬೋ', ಕಾಕಾ 'ಶುಶು', ಸೋದರಮಾವನು 'ಜ್ಯೋಜ್ಯೋ'.