ಹಾಳೆಯಲ್ಲೇ ಉಳಿದ ಮಹಾನೌಕೆ

ಪ್ರಶ್ನೆ: ಅಮೆರಿಕ ನೂರು ವರ್ಷಗಳ ಹಿಂದೆಯೇ 80,000 ಟನ್‌ನ ಯುದ್ಧನೌಕೆ ಕಟ್ಟಲು ಹೊರಟಿತ್ತಂತೆ, ಹೌದೇ?

ಉತ್ತರ: ನಕ್ಷೆ ಸಿದ್ಧವಾಗಿದ್ದು ನಿಜ, ಕಟ್ಟಲು ಹೊರಟಿದ್ದು ನಿಜವಲ್ಲ. ಆಗ ಹೊಸ ನೌಕೆಗಳ ಗಾತ್ರವೂ ಖರ್ಚೂ ಬೆಳೆಯುತ್ತಲೇ ಇದ್ದವು. ಇದರಿಂದ ಬೇಸತ್ತ ಸೆನೆಟರ್ ಬೆಂಜಮಿನ್ ಟಿಲ್ಮನ್, ಕಟ್ಟಲು ಸಾಧ್ಯವಿರುವ ಅತಿ ದೊಡ್ಡ ನೌಕೆ ಎಷ್ಟಿರಬಹುದೆಂದು ಲೆಕ್ಕ ಕೊಡುವಂತೆ ನೌಕಾಪಡೆಯನ್ನು ಕೇಳಿದರು. 1916-17ರಲ್ಲಿ ಹಲವು ವಿನ್ಯಾಸಗಳು ತಯಾರಾದವು.

ಗಾತ್ರದ ಮಿತಿಯನ್ನು ನಿರ್ಧರಿಸಿದ್ದು ಪನಾಮಾ ಕಾಲುವೆ. ನೌಕೆಗಳನ್ನು ಏರಿಳಿಸುವ ಅದರ ಲಾಕ್‌ಗಳ (ನೀರಿನ ಕೋಣೆಗಳ) ಅಗಲ ಆಗ 110 ಅಡಿ, ಉದ್ದ 1,000 ಅಡಿ ಇತ್ತು. ಹಾಗಾಗಿ ನೌಕೆಗೆ 108 ಅಡಿ ಅಗಲ, 975 ಅಡಿ ಉದ್ದ ಗೊತ್ತುಮಾಡಿದರು. ಎರಡೂ ಬದಿಗೆ ಕಾಲುವೆಯ ಗೋಡೆಗೂ ನೌಕೆಗೂ ನಡುವೆ ಉಳಿಯುತ್ತಿದ್ದದ್ದು ತಲಾ ಒಂದೇ ಅಡಿ! ಒಂದು ವಿನ್ಯಾಸದಲ್ಲಂತೂ 16 ಅಂಗುಲ ಬಾಯಿಯ 24 ಫಿರಂಗಿಗಳು, ಒಂದೊಂದು ಗೋಪುರದಲ್ಲಿ ಆರಾರು. ಅಂಥ ಒಂದು ಗುಂಡಿನ ತೂಕವೇ ಸುಮಾರು 950 ಕಿಲೊ. ಆದರೆ ಗೋಪುರವೊಂದಕ್ಕೆ ಪೆಟ್ಟು ಬಿದ್ದರೆ ಆರು ಫಿರಂಗಿಗಳೂ ಒಟ್ಟಿಗೆ ಸ್ತಬ್ಧವಾಗುವ ಅಪಾಯವಿತ್ತು. 1916ರಲ್ಲಿ ಸೇವೆಗೆ ಸೇರಿದ ‘ಪೆನ್ಸಿಲ್ವೇನಿಯಾ’ ನೌಕೆಯ ಭಾರ 31,400 ಟನ್ ಮಾತ್ರ ಎಂದರೆ ಈ ಕಲ್ಪನೆಯ ಅಗಾಧತೆ ಅರ್ಥವಾದೀತು.

ಇಷ್ಟು ದುಬಾರಿ ನೌಕೆ ನೌಕಾಪಡೆಗೂ ಬೇಕಿರಲಿಲ್ಲ. 1922ರ ವಾಷಿಂಗ್ಟನ್ ಒಪ್ಪಂದ ಯುದ್ಧನೌಕೆಗಳಿಗೆ 35,000 ಟನ್‌ನ ಮಿತಿ ಹಾಕಿ ಆ ದಾರಿಯನ್ನೇ ಮುಚ್ಚಿತು. ಆದರೂ ಈ ನಕ್ಷೆಗಳ ಬೆಲೆ ಕಡಿಮೆಯದ್ದಲ್ಲ: ಶಸ್ತ್ರಪೈಪೋಟಿ ಎಲ್ಲಿಗೆ ಮುಟ್ಟಬಹುದೆಂಬುದನ್ನು ಹಣ ಸುರಿಯುವ ಮೊದಲೇ ಅವು ಅಂಕಿಗಳಲ್ಲಿ ತೋರಿಸಿಕೊಟ್ಟವು.