ಕಣ್ಣನ ಮಾವು, ನಾಬೋತನ ತೋಟ

ಭಾಗಮಂಡಲದಿಂದ ಪಶ್ಚಿಮಕ್ಕೆ ಘಟ್ಟ ಇಳಿದರೆ ಕರಿಕೆ. ಅದರಾಚೆ ಕೇರಳದ ಪಾಣತ್ತೂರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯವನ್ನು ಸೇರಿತು. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಅದೇ ದಿನ ಕೇರಳದ ಪಾಲಾಯಿತು. ದೈವಗಳು ಮಾತ್ರ ಈ ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಕೊಡಗಿನ ಅಂಚು, ಸುಳ್ಯ, ಕಾಸರಗೋಡು ಸೀಮೆಯಲ್ಲೆಲ್ಲ ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವ ಒತ್ತೆಕೋಲ ನಡೆಯುತ್ತದೆ. ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನೇ ಈ ದೈವ ಎಂಬುದು ನಂಬಿಕೆ. ಆದರೆ ದೈವ ನೀಲೇಶ್ವರಕ್ಕೆ ಬಂದ ಕಥೆಯಲ್ಲಿ ದುಷ್ಟನಾದವನು ಪುರಾಣದ ರಾಕ್ಷಸನಲ್ಲ, ಊರಿನ ಯಜಮಾನ.

ಪಾಲಂತಾಯಿ ಕಣ್ಣನ್ ತೀಯ ಸಮುದಾಯದ ಹುಡುಗ. ಕುರುವಾಟ್ ಕುರುಪ್‌ನ ಮನೆಯ ದನ ಕಾಯುತ್ತಿದ್ದ. ಒಮ್ಮೆ ಮರದ ಮೇಲೆ ಕುಳಿತು ಮಾವು ತಿನ್ನುತ್ತಿದ್ದಾಗ ಹಣ್ಣೊಂದು ಜಾರಿ, ಕೆಳಗೆ ಬಂದ ಕುರುಪ್‌ನ ಸೋದರ ಸೊಸೆಯ ಮೈಮೇಲೆ ಬಿತ್ತು. ಅಷ್ಟಕ್ಕೇ ಕುರುಪ್ ಅವನನ್ನು ಕೊಲ್ಲಲು ಹೊರಟ. ಕಣ್ಣನ್ ಮಂಗಳೂರಿಗೆ ಓಡಿದ. ಅಜ್ಜಿಯೊಬ್ಬಳ ಮನೆಯಲ್ಲಿ ಆಶ್ರಯ ಪಡೆದು, ಅಲ್ಲಿದ್ದ ವಿಷ್ಣುಮೂರ್ತಿಯ ಸೇವೆಗೆ ನಿಂತ. ವರ್ಷಗಳ ಮೇಲೆ ಊರಿನ ಹಂಬಲ ತಡೆಯಲಾರದೆ ದೈವದ ಕತ್ತಿ, ಕೊಡೆ ಹಿಡಿದು ಮರಳಿದ. ಸ್ನಾನಕ್ಕೆ ಕೆರೆಗೆ ಇಳಿದಿದ್ದನಷ್ಟೆ, ಕುರುಪ್ ಬಂದು ತಲೆ ಕಡಿದ.

ದೂರು ಕೊಡುವುದಾದರೂ ಯಾರಿಗೆ? ಊರಿಗೆ ನ್ಯಾಯ ಹೇಳಬೇಕಾದವನೇ ಕೊಂದಿದ್ದ.

ಪಾಣತ್ತೂರಿನಿಂದ ಕಾಞಂಗಾಡಿಗೆ ಹೋಗುವ ದಾರಿಯಲ್ಲೇ ರಾಜಪುರಂ ಇದೆ. 1943ರಲ್ಲಿ ತಿರುವಾಂಕೂರು ಕಡೆಯಿಂದ ಬಂದ ಕ್ರೈಸ್ತ ಕುಟುಂಬಗಳು ನೆಲೆಸಿದ ಊರದು. ಅವರ ಬೈಬಲಿನಲ್ಲೂ ಇಂಥದೇ ಕಥೆಯೊಂದಿದೆ. ಇಜ್ರೇಲಿನ ನಾಬೋತನ ದ್ರಾಕ್ಷಿತೋಟ ಅರಮನೆಗೆ ತಾಗಿಕೊಂಡಿತ್ತು. ಅರಸ ಅಹಾಬ ಕೇಳಿದ. ಪಿತ್ರಾರ್ಜಿತ ಭೂಮಿ, ಕೊಡಲಾರೆ ಎಂದ ನಾಬೋತ. ರಾಣಿ ಈಜೆಬೆಲ್ ಅರಸನ ಹೆಸರಿನಲ್ಲಿ ಕಾಗದ ಬರೆದಳು, ಮುದ್ರೆ ಒತ್ತಿದಳು. ಊರ ಹಿರಿಯರು ಸಭೆ ಸೇರಿದರು. ನಾಬೋತ ದೇವರನ್ನೂ ಅರಸನನ್ನೂ ದೂಷಿಸಿದನೆಂದು ಇಬ್ಬರು ಸುಳ್ಳುಸಾಕ್ಷಿ ನುಡಿದರು. ಅವನನ್ನು ಕಲ್ಲೆಸೆದು ಕೊಂದರು. ಕುರುಪ್‌ನದು ಸಿಟ್ಟಿನ ಕತ್ತಿ; ಇದು ಕಾಗದಪತ್ರ ಎಲ್ಲ ಸರಿಯಾಗಿದ್ದ ಕೊಲೆ. ಎರಡರಲ್ಲಿ ಹೆಚ್ಚು ಭಯ ಹುಟ್ಟಿಸುವುದು ಇದೇ. ಆ ಹಿರಿಯರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ ನೋಡಿ.

ಅಹಾಬ ತೋಟಕ್ಕೆ ಕಾಲಿಡುವ ಹೊತ್ತಿಗೆ ಪ್ರವಾದಿ ಎಲೀಯ ಎದುರು ನಿಂತ. ನಾಬೋತನ ರಕ್ತ ನೆಕ್ಕಿದ ನಾಯಿಗಳು ನಿನ್ನ ರಕ್ತವನ್ನೂ ನೆಕ್ಕುತ್ತವೆ ಎಂದು ಮುಖಕ್ಕೇ ಹೇಳಿದ. ಅರಸ ಗೋಣಿತಟ್ಟು ಉಟ್ಟು ಉಪವಾಸ ಮಾಡಿದ್ದರಿಂದ ಮನೆತನದ ನಾಶ ಮಗನ ಕಾಲಕ್ಕೆ ಮುಂದಕ್ಕೆ ಹೋಯಿತು. ಆದರೂ ಯುದ್ಧದಲ್ಲಿ ಯಾರೋ ಗುರಿಯಿಲ್ಲದೆ ಬಿಟ್ಟ ಬಾಣ ತಗುಲಿ ಅವನು ಸತ್ತ. ರಥ ತೊಳೆದಲ್ಲಿ ನಾಯಿಗಳು ರಕ್ತ ನೆಕ್ಕಿದವು.

ನೀಲೇಶ್ವರದಲ್ಲಿ ಎಲೀಯ ಇರಲಿಲ್ಲ. ಕುರುಪ್‌ನ ಮನೆಗೆ ರೋಗ ಹೊಕ್ಕಿತು, ದನಗಳು ಸತ್ತವು. ಕಾರಣ ಹೇಳಿದ್ದು ಜ್ಯೋತಿಷಿಯ ಕವಡೆ. ಕೊಂದವನೇ ತಪ್ಪೊಪ್ಪಿ ಕೋಟ್ಟಪ್ಪುರದಲ್ಲಿ ದೈವಕ್ಕೆ ನೆಲೆ ಕಟ್ಟಿಸಬೇಕಾಯಿತು. ಕಥೆ ಕುರುಪ್‌ನ ಆಸ್ತಿಯನ್ನೇನೂ ಕಿತ್ತುಕೊಳ್ಳುವುದಿಲ್ಲ. ಆ ಮಟ್ಟಿಗೆ ಅದು ಯಜಮಾನರ ಕಾಲದ ಕಥೆಯೇ. ಆದರೆ ದೈವ ಕಟ್ಟುವವರು ಮಲಯ ಸಮುದಾಯದವರು. ವೇಷ ತೊಟ್ಟು ನಿಂತವನ ಮುಂದೆ ದೊಡ್ಡ ಮನೆಯವರೂ ಕೈಮುಗಿಯುತ್ತಾರೆ. ತೋಟ್ಟಂ ಹಾಡುಗಳಲ್ಲಿ ಕಣ್ಣನ ಹೆಸರೂ ಬರುತ್ತದೆ, ಕುರುಪ್‌ನ ಹೆಸರೂ ಬರುತ್ತದೆ.

ಅಹಾಬನ ಮಗ ಯೋರಾಮನನ್ನು ಸೇನಾಪತಿ ಯೇಹು ಕೊಂದಾಗ ಹೆಣವನ್ನು ಎಸೆಯಿಸಿದ್ದು ನಾಬೋತನ ಹೊಲದಲ್ಲಿ. ಅಷ್ಟು ವರ್ಷಗಳ ಮೇಲೂ ಆ ನೆಲಕ್ಕೆ ನಾಬೋತನದೇ ಹೆಸರಿತ್ತು.